ಕವಿ ಬರೆದ ಕಾಡಿನ ಲೆಕ್ಕ

ಸರ್ಕಾರಿ ಕಚೇರಿಗಳಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಕಳೆದವನಿಗೆ ವಸಂತವೆಂದರೆ ಮೊದಲು ನೆನಪಾಗುವುದು ಮಾವಿನ ಚಿಗುರಲ್ಲ, ಮಾರ್ಚ್ 31. ಖರ್ಚಾಗದೆ ಉಳಿದ ಅನುದಾನ, ಒಂದೇ ವಾರದಲ್ಲಿ ಸಹಿ ಬೀಳಬೇಕಾದ ಬಿಲ್ಲುಗಳು, ಮೇಜಿನ ಮೇಲೆ ರಾಶಿ ಬಿದ್ದ ಕಡತಗಳು. ಯುಗಾದಿಯ ಬೇವು-ಬೆಲ್ಲವನ್ನು ನನ್ನಂಥವರು ಎಷ್ಟೋ ಸಲ ಖಜಾನೆಯ ಕೆಲಸ ಮುಗಿಸಿ, ರಾತ್ರಿ ಮನೆಗೆ ಬಂದು ಬಾಯಿಗೆ ಹಾಕಿಕೊಂಡದ್ದುಂಟು. ಕವಿಗಳ ವಸಂತವೇ ಬೇರೆ. ಹತ್ತನೆಯ ಶತಮಾನದಲ್ಲಿ ಅರಿಕೇಸರಿಯ ಆಸ್ಥಾನದಲ್ಲಿದ್ದ ಪಂಪ, ಭಾರತದ ಕಥೆ ಹೇಳುವ ನಡುವೆಯೇ ಬನವಾಸಿಯನ್ನು ನೆನೆಯಲು ಬಿಡುವು ಮಾಡಿಕೊಂಡ. ಕಚೇರಿಯ ವಸಂತ ಮತ್ತು ಕವಿಯ ವಸಂತ ಎರಡೂ ಒಂದೇ ಕಾಡಿನ ಮೇಲೆ ಹಕ್ಕು ಸ್ಥಾಪಿಸಲು ಬಂದಾಗ ಏನಾಗುತ್ತದೆ ಎಂಬ ಪ್ರಶ್ನೆ ಸೇವೆಯಲ್ಲಿದ್ದಷ್ಟು ದಿನ ನನ್ನನ್ನು ಕಾಡಲಿಲ್ಲ. ಕಾಡಿದ್ದು ನಿವೃತ್ತಿಯ ನಂತರ, ಒಂದು ಫಾಲ್ಗುಣದಲ್ಲಿ, ಕೇರಳದ ಸೈಲೆಂಟ್ ವ್ಯಾಲಿಯ ವೀಕ್ಷಣಾ ಗೋಪುರದ ಮೇಲೆ ನಿಂತಿದ್ದಾಗ.

ಪಾಲಕ್ಕಾಡ್ ಜಿಲ್ಲೆಯ ಮಣ್ಣಾರ್‌ಕ್ಕಾಡಿನಿಂದ ಮುಕ್ಕಾಲಿ ಎಂಬ ಊರಿಗೆ ಹೋಗಬೇಕು. ಅಲ್ಲಿಂದ ಮುಂದಕ್ಕೆ ಸ್ವಂತ ವಾಹನಕ್ಕೆ ಪ್ರವೇಶವಿಲ್ಲ. ಅರಣ್ಯ ಇಲಾಖೆ ಗೊತ್ತುಪಡಿಸಿದ ವಾಹನದಲ್ಲಿ, ಸ್ಥಳೀಯ ಮಾರ್ಗದರ್ಶಿಯೊಬ್ಬರ ಜೊತೆ ಸುಮಾರು 23 ಕಿಲೋಮೀಟರ್ ಕುಲುಕಾಟದ ದಾರಿ. ಕೊನೆಗೆ ಸಿಗುವ ಜಾಗದ ಹೆಸರು ಸೈರಂಧ್ರಿ. ಕೆಳಗೆ ಹರಿಯುವ ಹೊಳೆ ಕುಂತಿ. ಪಾಂಡವರ ವನವಾಸದ ನೆನಪನ್ನು ಜನ ಇಲ್ಲಿನ ನಕ್ಷೆಯಲ್ಲಿಯೇ ಉಳಿಸಿಕೊಂಡಿದ್ದಾರೆ. ನಿತ್ಯಹರಿದ್ವರ್ಣದ ಕಾಡಿನಲ್ಲಿ ವಸಂತ ನಮ್ಮ ಬಯಲುಸೀಮೆಯಂತೆ ಮುತ್ತುಗದ ಬೆಂಕಿಬಣ್ಣದಲ್ಲಿ ಬರುವುದಿಲ್ಲ. ಕಡುಹಸಿರಿನ ನಡುವೆ ಅಲ್ಲಲ್ಲಿ ಒಂದೊಂದು ಮರ ತಾಮ್ರದ ಕೆಂಪಿಗೆ ತಿರುಗಿರುತ್ತದೆ. ಹೂವೆಂದು ಭ್ರಮಿಸಿ ನೋಡಿದರೆ ಅದು ಎಳೆಯ ಎಲೆ.

ನಮ್ಮ ಜೊತೆಗಿದ್ದ ಪ್ರವಾಸಿಗರಲ್ಲಿ ಹೆಚ್ಚಿನವರಿಗೆ ಆ ದಿನ ನಿರಾಸೆಯಾಯಿತು. ಹುಲಿ ಕಾಣಲಿಲ್ಲ, ಆನೆಯೂ ಕಾಣಲಿಲ್ಲ. ಮರಗಳ ತುದಿಯಲ್ಲಿ ಕೆಲವು ನಿಮಿಷ ಸಿಂಗಳೀಕಗಳ ಗುಂಪೊಂದು ಕಾಣಿಸಿಕೊಂಡು ಮರೆಯಾಯಿತು. ಮುಖದ ಸುತ್ತ ಬೂದುಬಣ್ಣದ ಕೇಸರ, ಕಪ್ಪು ಮೈ, ಬಾಲದ ತುದಿಯಲ್ಲಿ ಸಿಂಹಕ್ಕಿರುವಂಥ ಕುಚ್ಚು. ‘ಇಷ್ಟಕ್ಕಾಗಿ ಇಷ್ಟು ದೂರ ಬರಬೇಕಿತ್ತೇ’ ಎಂದು ಯಾರೋ ಗೊಣಗಿದರು. ಮಾರ್ಗದರ್ಶಿ ನಗುತ್ತಾ ಹೊಳೆಯತ್ತ ಕೈತೋರಿಸಿ, ಅಣೆಕಟ್ಟು ಏಳಬೇಕಿದ್ದದ್ದು ಅಲ್ಲೇ ಎಂದರು. ನಾನು ನೋಡಿದೆ. ಎರಡು ಗುಡ್ಡಗಳ ನಡುವಿನ ಇಕ್ಕಟ್ಟು, ಕೆಳಗೆ ಸ್ವಚ್ಛ ನೀರು. ಎಂಜಿನಿಯರ್ ಯಾರೇ ಆದರೂ ಇದನ್ನು ಅಣೆಕಟ್ಟಿಗೆ ಹೇಳಿ ಮಾಡಿಸಿದ ಜಾಗವೆನ್ನುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಆ ಕಡತ ನನ್ನ ಮೇಜಿಗೆ ಬಂದಿದ್ದರೆ ಬಹುಶಃ ನಾನೂ ‘ಶಿಫಾರಸು ಮಾಡಲಾಗಿದೆ’ ಎಂದೇ ಬರೆಯುತ್ತಿದ್ದೆ.

ಯೋಜನೆಯ ಪರವಾಗಿದ್ದ ವಾದ ಹಗುರವಾದುದಾಗಿರಲಿಲ್ಲ. 1973ರಲ್ಲಿ ಯೋಜನಾ ಆಯೋಗ ಒಪ್ಪಿಗೆ ನೀಡಿದ ಆ ಜಲವಿದ್ಯುತ್ ಯೋಜನೆಯಿಂದ ಮೊದಲ ಹಂತದಲ್ಲಿ 120 ಮೆಗಾವಾಟ್, ಮುಂದೆ 240 ಮೆಗಾವಾಟ್ ವಿದ್ಯುತ್ ಸಿಗಲಿತ್ತು. ಹಿಂದುಳಿದ ಮಲಬಾರಿನ ಸುಮಾರು 10,000 ಹೆಕ್ಟೇರ್ ಜಮೀನಿಗೆ ನೀರು, ಸಾವಿರಾರು ಕೈಗಳಿಗೆ ಕೆಲಸ. ಮುಳುಗುವುದು ಸುಮಾರು 830 ಹೆಕ್ಟೇರ್, ಅದರಲ್ಲಿಯೂ ಮನುಷ್ಯರ ವಸತಿ ಇಲ್ಲ. ಪುನರ್ವಸತಿಯ ತಲೆನೋವಿಲ್ಲದ ಯೋಜನೆ ಎಂದರೆ ಆಡಳಿತಗಾರನಿಗೆ ಅದಕ್ಕಿಂತ ದೊಡ್ಡ ವರವಿಲ್ಲ. ಎಡ-ಬಲ ಭೇದವಿಲ್ಲದೆ ಬಹುಪಾಲು ರಾಜಕೀಯ ಪಕ್ಷಗಳು, ಕಾರ್ಮಿಕ ಸಂಘಗಳು ಯೋಜನೆಯ ಬೆನ್ನಿಗಿದ್ದವು.

ವಿರೋಧ ಮೊದಲು ಬಂದದ್ದು ವಿಜ್ಞಾನಿಗಳಿಂದ. ಸಿಂಗಳೀಕಗಳ ಅಧ್ಯಯನಕ್ಕೆ ಬಂದ ತಜ್ಞರು ಇದು ಆ ಜೀವಿಗೆ ಉಳಿದಿರುವ ಕೆಲವೇ ಅಖಂಡ ನೆಲೆಗಳಲ್ಲೊಂದು ಎಂದರು. ಪಕ್ಷಿತಜ್ಞ ಸಾಲಿಂ ಅಲಿ ಕಣಿವೆಯನ್ನು ಉಳಿಸಲು ಮನವಿ ಮಾಡಿದರು. ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು, ಪ್ರೊ. ಎಂ.ಕೆ. ಪ್ರಸಾದ್ ಅವರಂಥವರ ನೇತೃತ್ವದಲ್ಲಿ, ಯೋಜನೆಯ ತಾಂತ್ರಿಕ ಮತ್ತು ಆರ್ಥಿಕ ಅಂಶಗಳನ್ನು ಒಂದೊಂದಾಗಿ ಪರಿಶೀಲಿಸಿ, ವಿದ್ಯುತ್ತಿಗೆ ಬೇರೆ ದಾರಿಗಳಿವೆ ಎಂದು ತೋರಿಸಿತು. ಆದರೆ ವಿಜ್ಞಾನಿಗಳ ವರದಿ ಜನರ ಮನೆಬಾಗಿಲಿಗೆ ತಾನಾಗಿ ನಡೆದುಹೋಗುವುದಿಲ್ಲ. ಆ ಕೆಲಸಕ್ಕೆ ಕವಿಗಳು ಮುಂದಾದರು. ಅವರ ಮುಂಚೂಣಿಯಲ್ಲಿದ್ದವರು ಸುಗತಕುಮಾರಿ.

1934ರಲ್ಲಿ ಆರನ್ಮುಳದಲ್ಲಿ ಹುಟ್ಟಿದ ಸುಗತಕುಮಾರಿ, ಸ್ವಾತಂತ್ರ್ಯ ಹೋರಾಟಗಾರರೂ ಕವಿಯೂ ಆಗಿದ್ದ ಬೋಧೇಶ್ವರನ್ ಅವರ ಮಗಳು. ತತ್ತ್ವಶಾಸ್ತ್ರ ಓದಿದವರು. 1978ರಲ್ಲಿ ‘ರಾತ್ರಿಮಳ’ ಸಂಕಲನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರು ಮಲಯಾಳದ ಗಣ್ಯ ಕವಯಿತ್ರಿ. ಅಲ್ಲಿಗೆ ನಿಂತು ಮತ್ತಷ್ಟು ಸಂಕಲನ, ಮತ್ತಷ್ಟು ಸನ್ಮಾನಗಳ ನೆಮ್ಮದಿಯ ದಾರಿಯಲ್ಲಿ ಅವರು ಸಾಗಬಹುದಿತ್ತು. ಬದಲಿಗೆ ಸಹಲೇಖಕರೊಡನೆ ಸೇರಿ ಪ್ರಕೃತಿ ಸಂರಕ್ಷಣ ಸಮಿತಿಯನ್ನು ಕಟ್ಟಿದರು; ಶಾಲೆ, ಕಾಲೇಜು, ಬೀದಿಗಳಲ್ಲಿ ಸಭೆ ನಡೆಸಿದರು. ಒ.ಎನ್.ವಿ. ಕುರುಪ್, ಅಯ್ಯಪ್ಪ ಪಣಿಕ್ಕರ್, ಎನ್.ವಿ. ಕೃಷ್ಣವಾರಿಯರ್ ಅವರಂಥ ದೊಡ್ಡ ಕವಿಗಳು ಅವರ ಜೊತೆಗೆ ಬಂದರು. ಸುಗತಕುಮಾರಿಯವರ ‘ಮರತ್ತಿನು ಸ್ತುತಿ’ ಆ ಸಭೆಗಳ ಪ್ರಾರ್ಥನೆಯಂತಾಯಿತು.

ಅವರಿಗೆ ಸಿಕ್ಕ ಬಿರುದು ‘ಮರಗವಿಗಳು’. ಅದು ಗೌರವದ ಮಾತಾಗಿರಲಿಲ್ಲ, ಲೇವಡಿ. ಕೋತಿಗಳಿಗಾಗಿ ಮನುಷ್ಯರನ್ನು ಕತ್ತಲಲ್ಲಿಡುವವರು, ಅಭಿವೃದ್ಧಿಯ ವಿರೋಧಿಗಳು, ಹೊಟ್ಟೆ ತುಂಬಿದವರ ಹವ್ಯಾಸ ಎಂಬ ಟೀಕೆಗಳು ಬಂದವು. ಈ ಮಾತುಗಳು ನಮಗೂ ಚೆನ್ನಾಗಿ ಗೊತ್ತು. ಕರ್ನಾಟಕದ ಪ್ರತಿಯೊಂದು ಪರಿಸರ ವಿವಾದದಲ್ಲಿಯೂ ಇವುಗಳ ಕನ್ನಡ ಅನುವಾದವನ್ನು ಕೇಳಿದ್ದೇವೆ. 1980ರ ಜನವರಿಯಲ್ಲಿ ಕೇರಳ ಹೈಕೋರ್ಟ್ ಯೋಜನೆಯ ವಿರುದ್ಧದ ಅರ್ಜಿಗಳನ್ನು ವಜಾ ಮಾಡಿತು. ಅಲ್ಲಿಗೆ ಎಲ್ಲವೂ ಮುಗಿಯಿತೆಂದು ಭಾವಿಸಿದವರೇ ಹೆಚ್ಚು. ಆದರೂ ಹೋರಾಟ ನಿಲ್ಲಲಿಲ್ಲ. ಪ್ರಧಾನಿ ಇಂದಿರಾ ಗಾಂಧಿ ವಿಷಯದಲ್ಲಿ ಆಸಕ್ತಿ ವಹಿಸಿದರು, ಎಂ.ಜಿ.ಕೆ. ಮೆನನ್ ಅವರ ಅಧ್ಯಕ್ಷತೆಯ ಸಮಿತಿ ಪ್ರಶ್ನೆಯನ್ನು ಮತ್ತೆ ಪರಿಶೀಲಿಸಿತು. 1983ರಲ್ಲಿ ಯೋಜನೆಯನ್ನು ಕೈಬಿಡಲಾಯಿತು. 1984ರಲ್ಲಿ ಕಣಿವೆ ರಾಷ್ಟ್ರೀಯ ಉದ್ಯಾನವಾಯಿತು. ಮರುವರ್ಷ ರಾಜೀವ್ ಗಾಂಧಿ ಅದನ್ನು ವಿಧ್ಯುಕ್ತವಾಗಿ ರಾಷ್ಟ್ರಕ್ಕೆ ಅರ್ಪಿಸಿದರು.

ಕವಿಗಳು ಕಾಡನ್ನು ಉಳಿಸಿದರು ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಅದು ಪೂರ್ಣ ಸತ್ಯವಲ್ಲ; ಅಂಕಿ-ಅಂಶಗಳಿಲ್ಲದ ಕಾವ್ಯ ಆ ಕಾಲದ ಸರ್ಕಾರಗಳ ಮುಂದೆ ನಿಲ್ಲುತ್ತಿರಲಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಹೆಚ್ಚು ಮುಖ್ಯವೆನಿಸುವ ಪ್ರಶ್ನೆ ಬೇರೆ: ಅಂಕಿ-ಅಂಶಗಳೇ ಸಾಕಾಗುವಂತಿದ್ದರೆ ಕವಿಗಳು ಯಾಕೆ ಬೇಕಾದರು?

ಇದಕ್ಕೆ ಉತ್ತರ ನಮ್ಮ ಲೆಕ್ಕದ ವಿಧಾನದಲ್ಲಿಯೇ ಇದೆ. ಯೋಜನೆಯ ಲಾಭ-ವೆಚ್ಚ ವಿಶ್ಲೇಷಣೆ ಮಾಡುವಾಗ ಮುಂದಿನ ವರ್ಷಗಳ ಲಾಭವನ್ನು ಇಂದಿನ ಬೆಲೆಗೆ ಇಳಿಸುತ್ತೇವೆ; ಇದಕ್ಕೆ ವಟಾವಣೆ ದರ ಎಂದು ಹೆಸರು. ಶೇಕಡ 10ರ ದರದಲ್ಲಿ ಲೆಕ್ಕ ಹಾಕಿದರೆ, ಐವತ್ತು ವರ್ಷಗಳ ನಂತರ ಸಿಗುವ ನೂರು ರೂಪಾಯಿಯ ಇಂದಿನ ಬೆಲೆ ಸುಮಾರು 85 ಪೈಸೆ. ಅಂದರೆ ಮೊಮ್ಮಕ್ಕಳ ಕಾಲದ ಕಾಡಿಗೆ ಕಾಗದದ ಮೇಲೆ ಬೆಲೆಯೇ ಇಲ್ಲ. ಅಣೆಕಟ್ಟಿನ ಲಾಭ ಮೊದಲ ವರ್ಷಗಳಲ್ಲಿಯೇ ಬರುತ್ತದೆ. ಕಾಡಿನ ನಷ್ಟ ನಿಧಾನವಾಗಿ, ಶತಮಾನಗಳ ಉದ್ದಕ್ಕೆ ಬರುತ್ತದೆ. ಇಂಥ ಲೆಕ್ಕದಲ್ಲಿ ಗೆಲ್ಲುವವರು ಯಾರೆಂದು ಮೊದಲೇ ತೀರ್ಮಾನವಾಗಿರುತ್ತದೆ.

ಇದನ್ನು ನಾನು ಪುಸ್ತಕದಿಂದ ಮಾತ್ರ ಕಲಿತದ್ದಲ್ಲ. ಸೇವೆಯ ಆರಂಭದ ವರ್ಷಗಳಲ್ಲಿ ಒಂದು ಯೋಜನೆಯ ಮೌಲ್ಯಮಾಪನ ಟಿಪ್ಪಣಿಯನ್ನು ನಾನೇ ಸಿದ್ಧಪಡಿಸಿದ್ದೆ. ಅದರಲ್ಲಿ ಮುಳುಗುವ ಕಾಡಿಗೆ ಮೀಸಲಾಗಿದ್ದದ್ದು ಒಂದೇ ಸಾಲು: ನಾಟಾ ಮತ್ತು ಸೌದೆಯ ಮೌಲ್ಯ. ಆ ಸಾಲಿನ ಮೊತ್ತ ಎಷ್ಟು ಚಿಕ್ಕದಾಗಿತ್ತೆಂದರೆ ಅದನ್ನು ಬಿಟ್ಟರೂ ಕೊನೆಯ ಅನುಪಾತ ಬದಲಾಗುತ್ತಿರಲಿಲ್ಲ. ನಾನು ಯಾವ ಅಂಕಿಯನ್ನೂ ತಿರುಚಲಿಲ್ಲ, ಯಾರ ಒತ್ತಡವೂ ಇರಲಿಲ್ಲ. ನಮೂನೆಯಲ್ಲಿದ್ದ ಅಂಕಣಗಳನ್ನು ತುಂಬಿದೆ, ಅಷ್ಟೇ. ಹಕ್ಕಿ, ಝರಿ, ಜೇನು, ಕಾಡಿನಂಚಿನ ಮನುಷ್ಯರ ನೆನಪು ಇವಾವುದಕ್ಕೂ ಅಂಕಣವಿರಲಿಲ್ಲ. ಆ ಜಾಗಕ್ಕೆ ನಾನು ಒಮ್ಮೆಯೂ ಹೋಗಿರಲಿಲ್ಲ.

ಅಮೆರಿಕದ ಅರ್ಥಶಾಸ್ತ್ರಜ್ಞ ಜಾನ್ ಕ್ರುಟಿಲ್ಲ 1967ರಷ್ಟು ಹಿಂದೆಯೇ ಒಂದು ಪ್ರಸಿದ್ಧ ಲೇಖನದಲ್ಲಿ ಈ ಕೊರತೆಯನ್ನು ಗುರುತಿಸಿದ್ದರು. ತಾವು ಎಂದೂ ನೋಡದ ಕಾಡು ಇದೆಯೆಂಬ ಅರಿವಿಗೂ ಜನ ಬೆಲೆ ಕೊಡುತ್ತಾರೆ. ಒಮ್ಮೆ ಕಳೆದುಕೊಂಡರೆ ಮರಳಿ ಬಾರದ ವಸ್ತುವಿನ ಲೆಕ್ಕ ಬೇರೆಯದೇ ಆಗಿರಬೇಕು ಎಂಬುದು ಅವರ ವಾದದ ತಿರುಳು. ನಮ್ಮ ದೇಶದಲ್ಲಿ ಈ ಚಿಂತನೆ ಆಡಳಿತದ ಭಾಷೆಗೆ ಬರಲು ದಶಕಗಳೇ ಬೇಕಾದವು. 2008ರಲ್ಲಿ ಸುಪ್ರೀಂ ಕೋರ್ಟ್ ಅರಣ್ಯೇತರ ಬಳಕೆಗೆ ಕೊಡುವ ಕಾಡಿನ ನಿವ್ವಳ ಪ್ರಸ್ತುತ ಮೌಲ್ಯವನ್ನು ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿ ಎಂದು ನಿಗದಿಪಡಿಸಿತು. ಅಭಯಾರಣ್ಯವಾದರೆ ಅದರ ಐದು ಪಟ್ಟು, ರಾಷ್ಟ್ರೀಯ ಉದ್ಯಾನವಾದರೆ ಹತ್ತು ಪಟ್ಟು. 2022ರಲ್ಲಿ ಮೂಲ ದರಗಳು ಇನ್ನಷ್ಟು ಏರಿದವು. ಸೊನ್ನೆಗಿಂತ ಇದು ಎಷ್ಟೋ ಮೇಲು. ಆದರೆ ನಗರದ ಅಂಚಿನಲ್ಲಿ ಒಂದು ನಿವೇಶನಕ್ಕೆ ತೆರುವ ಹಣಕ್ಕೆ ಇದನ್ನು ಹೋಲಿಸಿ ನೋಡಿ. ಬೆಲೆ ಕಟ್ಟಿದ ಕೂಡಲೇ ಕೊಳ್ಳುವವನಿಗೆ ಧೈರ್ಯ ಬರುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಕವಿ ಮಾಡಿದ ಕೆಲಸ ಇಲ್ಲಿ ಸ್ಪಷ್ಟವಾಗುತ್ತದೆ. ನಮೂನೆಯಲ್ಲಿ ಒಂದು ಅಂಕಣವೇ ಇಲ್ಲ ಎಂದು ಸುಗತಕುಮಾರಿ ಮತ್ತು ಅವರ ಜೊತೆಗಾರರು ಸಾರ್ವಜನಿಕವಾಗಿ ತೋರಿಸಿಕೊಟ್ಟರು. ಪಾಲಕ್ಕಾಡಿನ ಮೂಲೆಯ ಕಣಿವೆಯೊಂದನ್ನು ಎಂದೂ ಕಾಣದ ತಿರುವನಂತಪುರದ ವಿದ್ಯಾರ್ಥಿಗೆ ಅದು ತನ್ನದೆನಿಸುವಂತೆ ಮಾಡಿದರು. ಕ್ರುಟಿಲ್ಲ ಹೇಳಿದ ಮೌಲ್ಯವನ್ನು ಅವರು ಅಳೆಯಲಿಲ್ಲ. ಜನರ ಮನಸ್ಸಿನಲ್ಲಿ ಅದನ್ನು ಬೆಳೆಸಿದರು.

ಇದಕ್ಕೆ ಕವಿ ತೆತ್ತ ಬೆಲೆಯನ್ನೂ ಹೇಳಬೇಕು. ಚಳವಳಿಗೆ ಇಳಿದ ಲೇಖಕನ ಮೇಲೆ ಎರಡು ಕಡೆಯಿಂದ ದೂರು ಬರುತ್ತದೆ. ಕಾವ್ಯ ಘೋಷಣೆಯಾಯಿತು ಎಂದು ವಿಮರ್ಶಕ ಹೇಳುತ್ತಾನೆ. ಭಾವುಕತೆಯಿಂದ ಕೆಲಸವಾಗದು ಎಂದು ಕಾರ್ಯಕರ್ತ ಹೇಳುತ್ತಾನೆ. ಬರೆಯುವ ಬೆಳಗುಗಳನ್ನು ಸಭೆ, ಮನವಿಪತ್ರ, ಪ್ರಯಾಣಗಳು ನುಂಗುತ್ತವೆ. ಸುಗತಕುಮಾರಿ ಮರಗಳಿಂದ ಮನುಷ್ಯರ ಕಡೆಗೂ ನಡೆದರು. ನಿರ್ಗತಿಕ ಮಹಿಳೆಯರಿಗೂ ಮಾನಸಿಕ ಅಸ್ವಸ್ಥರಿಗೂ ಆಸರೆಯಾಗಿ ‘ಅಭಯ’ ಸಂಸ್ಥೆಯನ್ನು ಕಟ್ಟಿದರು, ಕೇರಳ ಮಹಿಳಾ ಆಯೋಗದ ಮೊದಲ ಅಧ್ಯಕ್ಷೆಯಾದರು. ಹುಟ್ಟೂರು ಆರನ್ಮುಳದ ಗದ್ದೆಗಳಲ್ಲಿ ವಿಮಾನ ನಿಲ್ದಾಣ ಬರಲಿದೆಯೆಂದಾಗ ಇಳಿವಯಸ್ಸಿನಲ್ಲಿಯೂ ಹೋರಾಟಕ್ಕೆ ನಿಂತರು. ಇಷ್ಟರ ನಡುವೆಯೂ ಬರವಣಿಗೆ ನಿಲ್ಲಲಿಲ್ಲ. 2012ರ ಸರಸ್ವತಿ ಸಮ್ಮಾನ್ ಅವರಿಗೆ ಬಂದದ್ದು ಕಾವ್ಯಕ್ಕಾಗಿಯೇ. 2020ರ ಡಿಸೆಂಬರ್‌ನಲ್ಲಿ ಕೋವಿಡ್‌ಗೆ ತುತ್ತಾಗಿ ಅವರು ತೀರಿಕೊಂಡಾಗ, ಸೈಲೆಂಟ್ ವ್ಯಾಲಿ ಉಳಿದು ಮೂವತ್ತೇಳು ವರ್ಷಗಳಾಗಿದ್ದವು. ಆ ಅವಧಿಯಲ್ಲಿಯೂ ಕಣಿವೆಗೆ ನೆಮ್ಮದಿ ಇರಲಿಲ್ಲ. ಈ ಶತಮಾನದ ಆರಂಭದಲ್ಲಿ, ಉದ್ಯಾನದ ಗಡಿಯ ಕೆಳಗೆ, ಅದೇ ಕುಂತಿ ಹೊಳೆಗೆ ಪಾತ್ರಕ್ಕಡವು ಎಂಬಲ್ಲಿ 70 ಮೆಗಾವಾಟ್‌ನ ಇನ್ನೊಂದು ಯೋಜನೆ ಮುಂದೆ ಬಂದಿತ್ತು, ಮತ್ತೆ ವಿರೋಧಿಸಬೇಕಾಯಿತು. ಕಾಡಿನ ವಿಷಯದಲ್ಲಿ ಸೋಲು ಒಂದೇ ಸಲ, ಗೆಲುವನ್ನು ಮಾತ್ರ ಪ್ರತಿ ತಲೆಮಾರೂ ಹೊಸದಾಗಿ ಪಡೆಯಬೇಕು.

ಇಷ್ಟನ್ನೆಲ್ಲ ಈಗ ನೆನೆಯಲು ಕಾರಣವಿದೆ. ಅದೇ ಸಿಂಗಳೀಕ ನಮ್ಮ ರಾಜ್ಯದಲ್ಲಿಯೂ ಇದೆ. ಪಶ್ಚಿಮಘಟ್ಟಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲದ ಈ ಜೀವಿಯ ಉತ್ತರದ ಕೊನೆಯ ನೆಲೆಗಳು ಶರಾವತಿ ಮತ್ತು ಅಘನಾಶಿನಿ ಕಣಿವೆಗಳಲ್ಲಿವೆ. 2019ರಲ್ಲಿ ಕರ್ನಾಟಕ ಸರ್ಕಾರವೇ ಸುಮಾರು 930 ಚದರ ಕಿಲೋಮೀಟರ್ ಪ್ರದೇಶವನ್ನು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವೆಂದು ಘೋಷಿಸಿತು. ಅದೇ ಕಣಿವೆಯಲ್ಲಿ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ರೂಪಿಸಲಾಗಿದೆ. 2025ರ ಸೆಪ್ಟೆಂಬರ್‌ನಲ್ಲಿ ನಡೆದ ಸಾರ್ವಜನಿಕ ಅಹವಾಲು ಸಭೆಗಳಲ್ಲಿ ಸ್ಥಳೀಯರು ಅದನ್ನು ಬಲವಾಗಿ ವಿರೋಧಿಸಿದರು.

ಇಲ್ಲಿಯೂ ಯೋಜನೆಯ ಪರವಾದ ವಾದವನ್ನು ನ್ಯಾಯವಾಗಿ ಮಂಡಿಸಬೇಕು. ಸೌರವಿದ್ಯುತ್ ಹಗಲಿನಲ್ಲಿ ಹೇರಳ. ಬೇಡಿಕೆ ಏರುವುದು ಸಂಜೆ. ಹಗಲಿನ ಹೆಚ್ಚುವರಿ ವಿದ್ಯುತ್ತಿನಿಂದ ಕೆಳಗಿನ ಜಲಾಶಯದ ನೀರನ್ನು ಮೇಲಕ್ಕೆತ್ತಿ, ಸಂಜೆ ಅದೇ ನೀರನ್ನು ಕೆಳಗೆ ಬಿಟ್ಟು ವಿದ್ಯುತ್ ಪಡೆಯುವ ವ್ಯವಸ್ಥೆ ಇದು. ಹೊಸ ಅಣೆಕಟ್ಟು ಬೇಕಿಲ್ಲ, ಬಹುಪಾಲು ಕಾಮಗಾರಿ ಸುರಂಗದಲ್ಲಿ ಎಂಬುದು ಸಮರ್ಥಕರ ಮಾತು. ಕಲ್ಲಿದ್ದಲನ್ನು ಬಿಡಬೇಕಾದ ಕಾಲದಲ್ಲಿ ವಿದ್ಯುತ್ತನ್ನು ಸಂಗ್ರಹಿಸಿಡುವ ಅಗತ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಈ ವ್ಯವಸ್ಥೆ ಕೊಡುವುದಕ್ಕಿಂತ ಹೆಚ್ಚು ವಿದ್ಯುತ್ತನ್ನು ತಾನೇ ಬಳಸುತ್ತದೆ. ಸುರಂಗ ತೋಡಿದ ಮಣ್ಣು-ಕಲ್ಲನ್ನು ಎಲ್ಲಾದರೂ ಸುರಿಯಬೇಕು. ಭಾರಿ ಯಂತ್ರಗಳಿಗೆ ರಸ್ತೆ ಬೇಕು. ಕಡಿದಾದ ಘಟ್ಟದಲ್ಲಿ ರಸ್ತೆ ಅಗಲಗೊಂಡಲ್ಲಿ ಗುಡ್ಡ ಕುಸಿಯುವುದನ್ನು ಮಲೆನಾಡಿಗರು ಪ್ರತಿ ಮಳೆಗಾಲದಲ್ಲಿಯೂ ನೋಡುತ್ತಿದ್ದಾರೆ. ಸಿಂಗಳೀಕ ನೆಲಕ್ಕಿಳಿಯುವುದು ಅಪರೂಪ. ಕೊಂಬೆಯಿಂದ ಕೊಂಬೆಗೆ ಸಾಗಿಯೇ ಬದುಕುವ ಜೀವಿ. ಮರದ ನೆತ್ತಿಯ ಹಾದಿ ತುಂಡಾದರೆ ಅದರ ಲೋಕ ಎರಡಾಗಿ ಒಡೆದಂತೆ. ಕಾಡಿಲ್ಲದ ಜಾಗದಲ್ಲಿ ಇಂಥದೇ ಜಲಾಶಯಗಳನ್ನು ಕಟ್ಟುವ ಪರ್ಯಾಯವಿದೆ. ಬ್ಯಾಟರಿಗಳ ಬೆಲೆಯೂ ಇಳಿಯುತ್ತ ಬಂದಿದೆ. ಈ ಪರ್ಯಾಯಗಳನ್ನು ಎದುರುಬದುರು ಇಟ್ಟು, ಕಾಡಿನ ನಷ್ಟವನ್ನೂ ಸೇರಿಸಿ ಮಾಡಿದ ಲೆಕ್ಕವನ್ನು ಕನ್ನಡದಲ್ಲಿ ಜನರ ಮುಂದಿಡುವುದು ಸರ್ಕಾರದ ಕನಿಷ್ಠ ಕರ್ತವ್ಯ.

ಶರಾವತಿಗೆ ಈ ರಾಜ್ಯ ಈಗಾಗಲೇ ಸಾಲಗಾರ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆ ನಮ್ಮ ಮನೆಗಳ ದೀಪ ಹಚ್ಚಿತು. ಮುಳುಗಡೆಯ ಜನರ ಭೂಮಿ ಹಕ್ಕಿನ ಪ್ರಶ್ನೆ ಮಾತ್ರ ಆರು ದಶಕ ಕಳೆದರೂ ಬಗೆಹರಿದಿಲ್ಲ. ಆ ಮುಳುಗಡೆಯ ನೋವನ್ನು ಕನ್ನಡಕ್ಕೆ ತಂದವರಲ್ಲಿ ನಾ. ಡಿಸೋಜ ಪ್ರಮುಖರು. ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದ ಅವರು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳನ್ನು ಬರೆದರು. ಸರ್ಕಾರಿ ನೌಕರನೊಬ್ಬ ತಾನು ಕಂಡದ್ದನ್ನು ಮರೆಯದೆ ಬರೆದಿಟ್ಟ ಎಂಬುದು ನನ್ನಂಥವರಿಗೆ ಹೆಮ್ಮೆಯೂ ಹೌದು, ನಾಚಿಕೆಯೂ ಹೌದು. 2025ರ ಜನವರಿಯಲ್ಲಿ ಅವರು ಅಗಲಿದರು. ಕೈಗಾ ಅಣುವಿದ್ಯುತ್ ಸ್ಥಾವರವನ್ನು ವಿರೋಧಿಸಿ, ಎಂಬತ್ತೇಳನೆಯ ವಯಸ್ಸಿನಲ್ಲಿ 1989ರ ಲೋಕಸಭಾ ಚುನಾವಣೆಗೆ ನಿಂತು ಸೋತ ಶಿವರಾಮ ಕಾರಂತರೂ ಇದೇ ಪರಂಪರೆಗೆ ಸೇರಿದವರು. ನಮ್ಮಲ್ಲಿ ಈ ಪರಂಪರೆಗೆ ಕೊರತೆ ಇರಲಿಲ್ಲ. ಇಂದು ಅದನ್ನು ಮುಂದುವರಿಸುವವರು ಯಾರು ಎಂಬುದೇ ಪ್ರಶ್ನೆ.

ಕಾಡಿಗೆ ಹೋಗುವವರ ಸಂಖ್ಯೆಯಂತೂ ಹಿಂದೆಂದಿಗಿಂತ ಹೆಚ್ಚಿದೆ. ವಾರಾಂತ್ಯದ ಸಫಾರಿಗೆ ಬೆಂಗಳೂರಿನ ಮಧ್ಯಮವರ್ಗ ತಿಂಗಳ ಮುಂಚೆ ಕಾದಿರಿಸುತ್ತದೆ, ದುಬಾರಿ ಕ್ಯಾಮೆರಾ ಹೊತ್ತೊಯ್ಯುತ್ತದೆ. ಇದನ್ನು ಹೀಗಳೆಯಲಾರೆ, ನಾನೂ ಅದೇ ವರ್ಗದವನು. ಆದರೆ ಹುಲಿಯ ಚಿತ್ರ ಗೋಡೆಗೇರಿದ ಮೇಲೆ ನಮ್ಮ ಸಂಬಂಧ ಮುಗಿಯುವುದಾದರೆ, ನಾವು ಕಾಡಿನ ಗ್ರಾಹಕರು ಮಾತ್ರ. ಕವಿಯೂ ಪ್ರವಾಸಿಯೇ, ಆದರೆ ಆತ ಮರಳಿ ಬಂದು ಸಾಕ್ಷಿ ಹೇಳುತ್ತಾನೆ. ಎಲ್ಲರೂ ಕವಿತೆ ಬರೆಯಬೇಕಿಲ್ಲ. ಯೋಜನೆಯೊಂದರ ಕರಡು ಪ್ರಕಟವಾದಾಗ ಓದಿ ಒಂದು ಪುಟದ ಆಕ್ಷೇಪಣೆ ಕಳಿಸಬಹುದು. ಅಹವಾಲು ಸಭೆಗೆ ಹೋಗಿ ಕುಳಿತುಕೊಳ್ಳಬಹುದು. ತಮ್ಮ ಶಾಸಕರನ್ನು ಪ್ರಶ್ನಿಸಬಹುದು. ನಿವೃತ್ತ ಎಂಜಿನಿಯರ್‌ಗಳು, ಲೆಕ್ಕಪರಿಶೋಧಕರು, ಅಧಿಕಾರಿಗಳು ತಮ್ಮ ವಿದ್ಯೆಯನ್ನು ಕಾಡಿನ ಪರವಾದ ಲೆಕ್ಕ ಬರೆಯಲು ಕೊಡಬಹುದು. ಸೈಲೆಂಟ್ ವ್ಯಾಲಿಯಲ್ಲಿ ಪರಿಷತ್ತಿನ ಅಂಕಿ ಮತ್ತು ಕವಿಗಳ ದನಿ ಜೊತೆಗೂಡಿದ್ದು ಹೀಗೆಯೇ.

ಆ 120 ಮೆಗಾವಾಟ್ ಇಲ್ಲದೆ ಕೇರಳವೇನೂ ಕತ್ತಲಲ್ಲಿ ಉಳಿಯಲಿಲ್ಲ. ಗೋಪುರದಿಂದ ಇಳಿದು, ಕುಂತಿ ಹೊಳೆಯವರೆಗೆ ನಡೆದು ಹೋಗಿ ತೂಗುಸೇತುವೆಯ ಬಳಿ ಸ್ವಲ್ಪ ಹೊತ್ತು ಕುಳಿತಿದ್ದೆ. ನಾನು ಹಿಂದೆ ಬರೆದ ಟಿಪ್ಪಣಿಯಲ್ಲಿದ್ದ ಕಾಡಿಗೂ ಹೀಗೊಂದು ಹೊಳೆ ಇದ್ದಿರಬೇಕು ಅನ್ನಿಸಿತು. ಅದು ಹೇಗಿತ್ತೆಂದು ಹೇಳಲು ನನಗೆ ಸಾಧ್ಯವಿಲ್ಲ. ಶರಾವತಿ ಕಣಿವೆಯ ಕಡತದ ಮೇಲೆ ಸಹಿ ಹಾಕಬೇಕಾದ ಅಧಿಕಾರಿಗಳು ಈ ವಸಂತದಲ್ಲಿ, ಮಾರ್ಚ್ ಮುಗಿದ ಮೇಲಾದರೂ ಸರಿ, ಒಂದು ದಿನ ಬಿಡುವು ಮಾಡಿಕೊಂಡು ಆ ಕಾಡಿನಲ್ಲಿ ನಡೆದು ಬರಲಿ. ಸಹಿ ಆಮೇಲೆ ಹಾಕಬಹುದು.